ಹುಟ್ಟದೇ ಉಳಿದ ಹಲ್ಲು, ಅದರ ಸುತ್ತ ಕಪ್ಪು ನೆರಳು

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಮೇಲಿನ ಎಡಗಡೆಯ ಕೋರೆಹಲ್ಲು ಇನ್ನೂ ಬಂದಿಲ್ಲ. ಆ ಜಾಗದ ಹಾಲುಹಲ್ಲು ಅಲ್ಲಾಡುತ್ತಲೂ ಇಲ್ಲ. ಹಲ್ಲಿನ ಡಾಕ್ಟರು ಪೂರ್ತಿ ದವಡೆಯ ಎಕ್ಸ್‌ರೇ ತೆಗೆಸಿದರು. ಕೋರೆಹಲ್ಲು ಒಳಗೆ ಓರೆಯಾಗಿ ಮಲಗಿದೆ, ಅದರ ಸುತ್ತ ದುಂಡನೆಯ ಕಪ್ಪು ನೆರಳಿದೆ, ನೆರಳಿನೊಳಗೆ ಬಿಳಿ ಚುಕ್ಕೆಗಳಿವೆ ಎಂದರು. "ಸಿಸ್ಟ್ ಇರಬಹುದು, ಓಡಾಂಟೋಮಾ ಇರಬಹುದು, ಇನ್ನೊಂದು ಬಗೆಯ ಗೆಡ್ಡೆಯೂ ಇರಬಹುದು, ತೆಗೆದು ನೋಡಿದ ಮೇಲೆ ಗೊತ್ತಾಗುತ್ತದೆ" ಎಂದರು. ಗೆಡ್ಡೆ ಎಂದ ಕೂಡಲೇ ನನ್ನ ಕೈಕಾಲು ತಣ್ಣಗಾಯಿತು. ಅವಳಿಗೆ ಒಂದಿಷ್ಟೂ ನೋವಿಲ್ಲ. ಹೋದ ವರ್ಷ ನನ್ನ ತಮ್ಮನಿಗೂ (29 ವರ್ಷ) ಕೆಳಗಿನ ಬುದ್ಧಿಹಲ್ಲಿನ ಸುತ್ತ ದೊಡ್ಡ ಸಿಸ್ಟ್ ಇದೆ ಎಂದಿದ್ದರು. ನೋವಿಲ್ಲ ಅಂತ ಅವನು ಹಾಗೇ ಬಿಟ್ಟಿದ್ದಾನೆ. ಇದು ಕ್ಯಾನ್ಸರಾ? ಮನೆತನದಲ್ಲಿ ಬರುತ್ತದಾ? ಮಗಳ ಕೋರೆಹಲ್ಲು ಕೀಳಲೇಬೇಕಾ? ಸ್ವಲ್ಪ ದಿನ ಕಾದು ನೋಡಬಹುದಾ?

ಉತ್ತರ: ಮೊದಲು ನಿಮಗೆ ಬೇಕಾಗಿರುವ ಮಾತನ್ನೇ ಹೇಳುತ್ತೇನೆ. ಹುಟ್ಟದೇ ಉಳಿದ ಹಲ್ಲಿನ ಸುತ್ತ, ಈ ವಯಸ್ಸಿನಲ್ಲಿ, ದುಂಡನೆಯ ನೆರಳು ಕಂಡರೆ ಅದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಗೆಡ್ಡೆ ಎಂಬ ಮಾತಿಗೆ ಹೆದರಬೇಡಿ. ಹಲ್ಲನ್ನು ಹುಟ್ಟಿಸುವ ಅಂಗಾಂಶ ದಾರಿ ತಪ್ಪಿ ಬೆಳೆದರೆ ಅದನ್ನೂ ನಾವು ಗೆಡ್ಡೆ ಅಂತಲೇ ಕರೆಯುತ್ತೇವೆ. ಅವುಗಳಲ್ಲಿ ಬಹುಪಾಲು ತೆಗೆದರೆ ಮುಗಿಯಿತು, ಮತ್ತೆ ಬರುವುದಿಲ್ಲ.

ಇನ್ನೊಂದು ಮಾತು. ಡಾಕ್ಟರು ಮೂರು ಹೆಸರು ಹೇಳಿದರು ಅಂದರೆ ಅವರಿಗೇ ಗೊತ್ತಿಲ್ಲ ಎಂದುಕೊಳ್ಳಬೇಡಿ. ಅವರು ಸರಿಯಾಗಿಯೇ ಹೇಳಿದ್ದಾರೆ. ಎಕ್ಸ್‌ರೇಯಲ್ಲಿ ಕಾಣುವುದು ನೆರಳು ಮಾತ್ರ. ಮೂಳೆ ಎಲ್ಲಿ ಕರಗಿದೆ, ಎಲ್ಲಿ ಗಟ್ಟಿ ವಸ್ತು ಇದೆ ಅಂತ ಅದು ತೋರಿಸುತ್ತದೆ. ಕರಗಿಸಿದ್ದು ಯಾವುದು ಅಂತ ಹೇಳುವುದು ಸೂಕ್ಷ್ಮದರ್ಶಕ. ನಿಮ್ಮ ಮಗಳ ವಿಷಯದಲ್ಲೂ ತಮ್ಮನ ವಿಷಯದಲ್ಲೂ ನಾನು ಒತ್ತಿ ಹೇಳುವುದು ಇದನ್ನೇ: ತೆಗೆದದ್ದನ್ನೆಲ್ಲ ಲ್ಯಾಬ್‌ಗೆ ಕಳಿಸಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಹಲ್ಲು ಹುಟ್ಟುವ ಬಗೆಯನ್ನು ಸ್ವಲ್ಪ ನೋಡೋಣ, ಆಮೇಲೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. ಪ್ರತಿಯೊಂದು ಹಲ್ಲೂ ದವಡೆಯ ಮೂಳೆಯೊಳಗೆ ಒಂದು ತೆಳ್ಳನೆಯ ಚೀಲದಲ್ಲಿ ಬೆಳೆಯುತ್ತದೆ. ಮೊದಲು ಹಲ್ಲಿನ ತಲೆ, ಅಂದರೆ ಮುಂದೆ ಬಾಯಿಯಲ್ಲಿ ಕಾಣುವ ಭಾಗ ತಯಾರಾಗುತ್ತದೆ. ಬೇರು ಆಮೇಲೆ. ತಲೆಯ ಮೇಲಿನ ಬಿಳಿ ಗಟ್ಟಿ ಹೊದಿಕೆ ಎನಾಮಲ್. ಅದನ್ನು ಕಟ್ಟುವ ಜೀವಕೋಶಗಳು ಕೆಲಸ ಮುಗಿದ ಮೇಲೂ ಅಲ್ಲೇ ಒಂದು ಪೊರೆಯಾಗಿ ಅಂಟಿಕೊಂಡಿರುತ್ತವೆ. ಹಲ್ಲು ವಸಡು ಸೀಳಿ ಹೊರಗೆ ಬಂದಾಗ ಆ ಪೊರೆಯೂ ಚೀಲವೂ ವಸಡಿನ ಜೊತೆ ಸೇರಿಹೋಗುತ್ತವೆ. ಅಲ್ಲಿಗೆ ಅವುಗಳ ಕಥೆ ಮುಗಿಯುತ್ತದೆ.

ಹಲ್ಲು ಹೊರಗೆ ಬರದಿದ್ದರೆ? ಆ ಚೀಲ ಒಳಗೇ ಉಳಿಯುತ್ತದೆ. ಎಕ್ಸ್‌ರೇಯಲ್ಲಿ ಹುಟ್ಟದ ಹಲ್ಲಿನ ತಲೆಯ ಸುತ್ತ ಎರಡು ಮೂರು ಮಿಲಿಮೀಟರಿನ ಸಣ್ಣ ಕಪ್ಪು ಗೆರೆ ಕಂಡರೆ ಅದು ಆ ಚೀಲವೇ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆಲವರಲ್ಲಿ ಎನಾಮಲ್‌ಗೂ ಪೊರೆಗೂ ನಡುವೆ ನೀರು ತುಂಬತೊಡಗುತ್ತದೆ. ಆ ನೀರು ತನ್ನ ಸುತ್ತಲಿನಿಂದ ಇನ್ನಷ್ಟು ನೀರನ್ನು ಎಳೆದುಕೊಳ್ಳುತ್ತದೆ. ಚೀಲ ಬಲೂನಿನ ಹಾಗೆ ಎಲ್ಲ ಕಡೆಗೂ ಒತ್ತುತ್ತದೆ. ಒತ್ತಿದ ಕಡೆ ಮೂಳೆ ಹಿಂದೆ ಸರಿಯುತ್ತದೆ. ಕಪ್ಪು ಗೆರೆ ನಾಲ್ಕೈದು ಮಿಲಿಮೀಟರ್ ಆದಾಗ ನಮಗೆ ಅನುಮಾನ ಶುರುವಾಗುತ್ತದೆ. ಇದೇ ಡೆಂಟಿಜೆರಸ್ ಸಿಸ್ಟ್. ಹುಳುಕಾಗಿ ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಆಗುವ ಸಿಸ್ಟ್ ಬಿಟ್ಟರೆ ದವಡೆಯಲ್ಲಿ ಜಾಸ್ತಿ ಕಾಣುವುದು ಇದನ್ನೇ. ಕೆಳಗಿನ ಬುದ್ಧಿಹಲ್ಲಿಗೆ ಎಲ್ಲಕ್ಕಿಂತ ಹೆಚ್ಚು, ಆಮೇಲೆ ಮೇಲಿನ ಕೋರೆಹಲ್ಲಿಗೆ. ಯಾಕೆ ಅಂದರೆ ಒಳಗೇ ಸಿಕ್ಕಿಕೊಳ್ಳುವ ಹಲ್ಲುಗಳೂ ಅವೇ.

ಇದರ ಒಂದು ಗುರುತು ನೆನಪಿಡಿ. ಈ ಚೀಲ ಹಲ್ಲಿನ ಕುತ್ತಿಗೆಗೆ ಅಂಟಿಕೊಂಡಿರುತ್ತದೆ, ಎನಾಮಲ್ ಮುಗಿದು ಬೇರು ಶುರುವಾಗುವ ಗೆರೆಗೆ ಸರಿಯಾಗಿ. ಹಲ್ಲಿನ ತಲೆ ಚೀಲದೊಳಗೆ, ಬೇರು ಹೊರಗೆ. ಆಪರೇಷನ್‌ನಲ್ಲಿ ಇದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ವಸಡು ಬಿಡಿಸಿ, ಕಾಗದದಷ್ಟು ತೆಳ್ಳಗಾದ ಮೂಳೆ ತೆಗೆದರೆ ತಿಳಿ ನೀಲಿ ಛಾಯೆಯ ನುಣುಪಾದ ಚೀಲ ಹೊಳೆಯುತ್ತದೆ. ಸೂಜಿ ಚುಚ್ಚಿ ಎಳೆದರೆ ಒಣಹುಲ್ಲಿನ ಬಣ್ಣದ ನೀರು ಬರುತ್ತದೆ. ಸಿರಿಂಜನ್ನು ಬೆಳಕಿಗೆ ಹಿಡಿದರೆ ಒಮ್ಮೊಮ್ಮೆ ಅದರೊಳಗೆ ಮಿರಿಮಿರಿ ಮಿಂಚುವ ಪುಡಿ ಕಾಣುತ್ತದೆ, ಕೊಲೆಸ್ಟ್ರಾಲ್ ಹರಳುಗಳು. ಚೀಲವನ್ನು ಮೂಳೆಯಿಂದ ಮೆಲ್ಲಗೆ ಬಿಡಿಸುತ್ತಾ ಹೋದರೆ ಕೊನೆಗೆ ಹಲ್ಲಿನ ಕುತ್ತಿಗೆಗೆ ಕಾಲರಿನ ಹಾಗೆ ಅಂಟಿಕೊಂಡು ಹೊರಗೆ ಬರುತ್ತದೆ.

ಮಗಳಿಗೂ ತಮ್ಮನಿಗೂ ನೋವಿಲ್ಲ ಅಂತ ಬರೆದಿದ್ದೀರಿ. ಬೆಳವಣಿಗೆ ಅಷ್ಟು ನಿಧಾನ, ಅದಕ್ಕೆ. ಒಂದು ಕಡೆ ಮೂಳೆ ಕರಗುತ್ತಿದ್ದರೆ ಹೊರಗಡೆ ದೇಹ ಹೊಸ ಮೂಳೆ ಕಟ್ಟುತ್ತಲೇ ಇರುತ್ತದೆ. ನರಕ್ಕೂ ಪಕ್ಕಕ್ಕೆ ಸರಿಯಲು ಸಮಯ ಸಿಗುತ್ತದೆ. ತುಂಬಾ ದೊಡ್ಡದಾದಾಗ ಹೊರಗಿನ ಮೂಳೆ ಎಷ್ಟು ತೆಳ್ಳಗಾಗುತ್ತದೆ ಎಂದರೆ ಬೆರಳಿಂದ ಒತ್ತಿದರೆ ಪ್ಲಾಸ್ಟಿಕ್ ಚೆಂಡು ಒತ್ತಿದ ಹಾಗೆ ಚಿಟ್ ಅಂತ ಒಳಗೆ ಹೋಗಿ ಹೊರಗೆ ಬರುತ್ತದೆ. ಆಗಲೂ ನೋವಿಲ್ಲದೇ ಇರಬಹುದು. ಕೀವು ಸೇರಿಕೊಂಡರೆ ಮಾತ್ರ ಒಂದೇ ರಾತ್ರಿಯಲ್ಲಿ ಮುಖ ಊದಿಕೊಳ್ಳುತ್ತದೆ. ಹಾಗೆ ಊದಿಕೊಂಡು ಬಂದವರನ್ನು "ಎಷ್ಟು ದಿನದಿಂದ?" ಅಂತ ಕೇಳಿದರೆ "ನಿನ್ನೆಯಿಂದ" ಎನ್ನುತ್ತಾರೆ. ಎಕ್ಸ್‌ರೇ ನೋಡಿದರೆ ಅದು ವರ್ಷಗಳ ಕಥೆ.

ಈ ಒತ್ತಡಕ್ಕೆ ಹಲ್ಲು ಕೂಡ ಜಾಗ ಬಿಡುತ್ತದೆ. ಕೆಳಗಿನ ಬುದ್ಧಿಹಲ್ಲು ದವಡೆಯ ಕೆಳ ಅಂಚಿನವರೆಗೆ ಹೋಗಿ ಕೂತದ್ದನ್ನು, ಇಲ್ಲವೇ ಕಿವಿಯ ಹತ್ತಿರದ ಕೀಲಿನ ಕಡೆಗೆ ಏರಿದ್ದನ್ನು ನಾವು ನೋಡುತ್ತೇವೆ. ಮೇಲಿನ ಕೋರೆಹಲ್ಲು ಮೂಗಿನ ಪಕ್ಕದ ಸೈನಸ್ ಒಳಗೆ ಏರಿ ಕಣ್ಣಿನ ಗೂಡಿನ ತಳದವರೆಗೂ ಹೋಗಬಹುದು. ಅಂಥವರು ಮೂಗು ಕಟ್ಟುತ್ತದೆ, ಕೆನ್ನೆ ಭಾರ ಎನಿಸುತ್ತದೆ ಅಂತ ಸೈನಸ್‌ಗೆ ಔಷಧಿ ತೆಗೆದುಕೊಳ್ಳುತ್ತಾ ತಿಂಗಳುಗಟ್ಟಲೆ ಕಳೆದಿರುತ್ತಾರೆ.

ಈಗ ನಿಮ್ಮ ಮಗಳಿಗೆ ಬರೋಣ. ಅವಳ ವಿಷಯದಲ್ಲಿ ಮುಖ್ಯವಾದದ್ದು ಆ ಬಿಳಿ ಚುಕ್ಕೆಗಳು. ಬರೀ ಸಿಸ್ಟ್ ಆದರೆ ನೆರಳು ಪೂರ್ತಿ ಕಪ್ಪಗಿರುತ್ತದೆ. ಬಿಳಿ ಕಾಣುತ್ತಿದೆ ಅಂದರೆ ಒಳಗೆ ಏನೋ ಗಟ್ಟಿಯಾಗುತ್ತಿದೆ. ಓಡಾಂಟೋಮಾ ಎಂಬ ಹೆಸರು ಬಂದದ್ದು ಅದಕ್ಕೇ. ಈ ಹೆಸರು ಹಳೆಯದು. ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ 1867ರಲ್ಲಿ ಇದನ್ನು ಬಳಸಿದರು. ಮೆದುಳಿನಲ್ಲಿ ಮಾತಿನ ಜಾಗವನ್ನು ಗುರುತಿಸಿದ ಬ್ರೋಕಾ ಇವರೇ.

ಓಡಾಂಟೋಮಾ ಎಂದರೆ ಹಲ್ಲು ಕಟ್ಟುವ ಅಂಗಾಂಶ ಲೆಕ್ಕ ತಪ್ಪಿ ಕೆಲಸ ಮಾಡಿದ್ದು. ಎನಾಮಲ್ ಇರುತ್ತದೆ, ಅದರ ಕೆಳಗಿನ ಡೆಂಟಿನ್ ಇರುತ್ತದೆ, ಬೇರಿನ ಹೊದಿಕೆಯೂ ಇರುತ್ತದೆ. ಆದರೆ ಒಂದು ಹಲ್ಲು ಆಗುವ ಬದಲು ಬೇರೇನೋ ಆಗಿರುತ್ತದೆ. ಒಂದು ಬಗೆಯಲ್ಲಿ ಅದು ಪುಟ್ಟ ಪುಟ್ಟ ಹಲ್ಲುಗಳ ಗೊಂಚಲು. ಇದು ಹೆಚ್ಚಾಗಿ ಮೇಲಿನ ದವಡೆಯ ಮುಂಭಾಗದಲ್ಲಿ, ಅಂದರೆ ನಿಮ್ಮ ಮಗಳಿಗೆ ಇರುವ ಕಡೆಯಲ್ಲೇ ಕಾಣುತ್ತದೆ. ಇನ್ನೊಂದು ಬಗೆಯಲ್ಲಿ ಹಲ್ಲಿನ ಆಕಾರವೇ ಇರುವುದಿಲ್ಲ, ಎಲ್ಲ ಕಲಸಿಹೋದ ಒಂದು ಗಟ್ಟಿ ಉಂಡೆ. ಅದು ಹೆಚ್ಚಾಗಿ ಕೆಳದವಡೆಯ ಹಿಂಭಾಗದಲ್ಲಿ.

ಮೊದಲನೆಯ ಬಗೆಯನ್ನು ತೆಗೆಯುವಾಗ ಈಗಲೂ ನನಗೆ ಆಶ್ಚರ್ಯವಾಗುತ್ತದೆ. ಮೂಳೆಯ ಸಣ್ಣ ಕಿಟಕಿ ತೆರೆದರೆ ತೆಳ್ಳನೆಯ ಪೊರೆಯೊಳಗೆ ಮಣಿಗಳ ಹಾಗೆ ಒತ್ತೊತ್ತಾಗಿ ತುಂಬಿರುತ್ತವೆ. ಒಂದೊಂದನ್ನೇ ತೆಗೆದು ಸ್ಟೀಲ್ ಬಟ್ಟಲಿಗೆ ಹಾಕಿದಾಗ ಟಣ್ ಟಣ್ ಎನ್ನುತ್ತದೆ. ತೊಳೆದು ನೋಡಿದರೆ ಎರಡು ಮೂರು ಮಿಲಿಮೀಟರಿನ ಹಲ್ಲುಗಳು. ಕೆಲವಕ್ಕೆ ಪುಟ್ಟ ತಲೆ, ಮೊನಚಾದ ಬೇರು, ಬೇರಿನ ತುದಿಯಲ್ಲಿ ಕೂದಲೆಳೆಯಷ್ಟು ತೂತು. ಎಲ್ಲ ಸರಿಯಾಗಿ ಇರುತ್ತದೆ, ಅಳತೆ ಒಂದು ಬಿಟ್ಟು. ಹೆಚ್ಚಿನವರಲ್ಲಿ ಇವು ಹತ್ತಿಪ್ಪತ್ತರ ಒಳಗಿರುತ್ತವೆ. 2019ರಲ್ಲಿ ಚೆನ್ನೈನಲ್ಲಿ ಏಳು ವರ್ಷದ ಹುಡುಗನೊಬ್ಬನ ಕೆಳದವಡೆಯಿಂದ 526 ಹಲ್ಲು ತೆಗೆದ ಸುದ್ದಿ ನೀವು ಓದಿರಬಹುದು. ಅದೂ ಇದೇ ಬಗೆಯ ಓಡಾಂಟೋಮಾ. ಆ ಲೆಕ್ಕ ಕೇಳಿ ಹೆದರಬೇಡಿ, ಸುದ್ದಿಯಾದದ್ದೇ ಅದು ಅಷ್ಟು ಅಪರೂಪ ಎಂಬ ಕಾರಣಕ್ಕೆ.

ಓಡಾಂಟೋಮಾ ನಿಜವಾದ ಗೆಡ್ಡೆ ಹೌದೋ ಅಲ್ಲವೋ ಎಂಬ ಪ್ರಶ್ನೆಯೂ ಇದೆ. ಹಲ್ಲು ಗಟ್ಟಿಯಾದ ಹಾಗೆ ಅದೂ ಗಟ್ಟಿಯಾಗಿ ಬೆಳವಣಿಗೆ ನಿಲ್ಲಿಸುತ್ತದೆ. ಮಕ್ಕಳಿಗೆ ಅದರಿಂದಾಗುವ ತೊಂದರೆ ಒಂದೇ, ದಾರಿಗೆ ಅಡ್ಡ ಕೂತುಬಿಡುತ್ತದೆ. ಹಿಂದಿನ ಖಾಯಂ ಹಲ್ಲಿಗೆ ಹೊರಗೆ ಬರಲಾಗುವುದಿಲ್ಲ. ಆ ಹಲ್ಲು ಒತ್ತದಿದ್ದರೆ ಹಾಲುಹಲ್ಲಿನ ಬೇರು ಕರಗುವುದಿಲ್ಲ. ಬೇರು ಕರಗದಿದ್ದರೆ ಹಾಲುಹಲ್ಲು ಅಲ್ಲಾಡುವುದಿಲ್ಲ. ನೀವು ಬರೆದದ್ದೂ ಇದನ್ನೇ, ಅಲ್ವಾ?

ಡಾಕ್ಟರು "ಇನ್ನೊಂದು ಬಗೆಯ ಗೆಡ್ಡೆ" ಎಂದದ್ದು ಬಹುಶಃ ಅಡೆನೊಮಟಾಯ್ಡ್ ಓಡಾಂಟೋಜೆನಿಕ್ ಟ್ಯೂಮರ್ ಬಗ್ಗೆ. ಹೆಸರು ಉದ್ದ, ಕೇಳಿದರೆ ಭಯ. ಸ್ವಭಾವ ಮಾತ್ರ ಸಾಧು. ವಿದ್ಯಾರ್ಥಿಗಳಿಗೆ ನಾವು ಇದನ್ನು "ಮೂರರಲ್ಲಿ ಎರಡರ ಗೆಡ್ಡೆ" ಅಂತ ಹೇಳಿಕೊಡುತ್ತೇವೆ. ಸುಮಾರು ಮೂರರಲ್ಲಿ ಎರಡು ಪಾಲು ಹುಡುಗಿಯರಲ್ಲಿ, ಮೂರರಲ್ಲಿ ಎರಡು ಪಾಲು ಮೇಲಿನ ದವಡೆಯಲ್ಲಿ, ಮೂರರಲ್ಲಿ ಎರಡು ಪಾಲು ಹುಟ್ಟದ ಹಲ್ಲಿನ ಜೊತೆ, ಅದರಲ್ಲೂ ಮೂರರಲ್ಲಿ ಎರಡು ಪಾಲು ಕೋರೆಹಲ್ಲಿನ ಜೊತೆ. ಜಾಸ್ತಿ ಕಾಣುವುದು ಹದಿಹರೆಯದಲ್ಲಿ. ನಿಮ್ಮ ಮಗಳ ವಿವರ ಇದಕ್ಕೂ ಹೊಂದುತ್ತದೆ. ಅದಕ್ಕೇ ಡಾಕ್ಟರು ಅದನ್ನು ಪಟ್ಟಿಯಿಂದ ಬಿಟ್ಟಿಲ್ಲ. ಸಿಸ್ಟ್ ಹಲ್ಲಿನ ಕುತ್ತಿಗೆಗೆ ಅಂಟಿರುತ್ತದೆ ಎಂದೆನಲ್ಲ, ಈ ಗೆಡ್ಡೆ ಹಾಗಲ್ಲ. ಹಲವು ಸಲ ಬೇರಿನ ಕಡೆಗೂ ಇಳಿದು ಅದನ್ನೂ ಸುತ್ತಿಕೊಳ್ಳುತ್ತದೆ. ಒಳಗಿನ ಚುಕ್ಕೆಗಳು ಉದುರಿದ ಹಿಮದ ಪುಡಿಯಷ್ಟು ಸಣ್ಣ. ಓಡಾಂಟೋಮಾದ ಬಿಳಿ ಹಲ್ಲಿನಷ್ಟೇ ಗಾಢ. ಸುತ್ತ ಗಟ್ಟಿ ಪೊರೆ ಇರುವುದರಿಂದ ಈ ಗೆಡ್ಡೆ ಇಡಿಯಾಗಿ ಬಿಟ್ಟು ಬರುತ್ತದೆ. ಮತ್ತೆ ಬರುವುದು ತೀರಾ ಅಪರೂಪ.

ಅಂದರೆ ಮೂರರಲ್ಲಿ ಯಾವುದೇ ಇರಲಿ, ಆಪರೇಷನ್ ಹೆಚ್ಚುಕಡಿಮೆ ಒಂದೇ. ವಸಡು ಬಿಡಿಸಿ, ಮೂಳೆಯಲ್ಲಿ ಕಿಟಕಿ ಮಾಡಿ, ಒಳಗಿನದ್ದನ್ನು ಪೂರ್ತಿ ತೆಗೆದು, ಹೊಲಿಗೆ ಹಾಕುವುದು. ಹಾಲುಹಲ್ಲನ್ನೂ ಆಗಲೇ ತೆಗೆಯುತ್ತಾರೆ.

ಕೋರೆಹಲ್ಲು ಕೀಳಬೇಕಾ ಎಂಬುದು ನಿಮ್ಮ ದೊಡ್ಡ ಚಿಂತೆ. ಕೀಳಲೇಬೇಕು ಅಂತಿಲ್ಲ. ಈ ವಯಸ್ಸಿನಲ್ಲಿ ಉಳಿಸಲು ಪ್ರಯತ್ನ ಮಾಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೇಲಿನ ಕೋರೆಹಲ್ಲು ಸಾಮಾನ್ಯವಾಗಿ 11–12 ವರ್ಷಕ್ಕೆ ಬರುತ್ತದೆ, ಅದರ ಬೇರು ಪೂರ್ತಿಯಾಗುವುದು 13–15ರ ಹೊತ್ತಿಗೆ. ಬೇರು ಇನ್ನೂ ಬೆಳೆಯುತ್ತಿದ್ದರೆ ಹಲ್ಲಿಗೆ ತಾನಾಗಿ ಮೇಲೆ ಬರುವ ಶಕ್ತಿ ಉಳಿದಿರುತ್ತದೆ. ಅಡ್ಡ ಇದ್ದದ್ದು ಹೋದ ಮೇಲೆ ಕೆಲವು ಹಲ್ಲುಗಳು ತಾವೇ ಇಳಿದು ಬರುತ್ತವೆ. ಓರೆ ಜಾಸ್ತಿ ಇದ್ದರೆ ಅದೇ ಆಪರೇಷನ್‌ನಲ್ಲಿ ಹಲ್ಲಿನ ತಲೆಗೆ ಚಿಕ್ಕ ಲೋಹದ ಬಟನ್ ಅಂಟಿಸಿ, ಅದಕ್ಕೆ ಸಣ್ಣ ಸರಪಳಿ ಕಟ್ಟಿ ವಸಡಿನ ಹೊರಗೆ ತರುತ್ತಾರೆ. ಆಮೇಲೆ ಹಲ್ಲಿಗೆ ಕ್ಲಿಪ್ ಹಾಕುವ ಆರ್ಥೊಡಾಂಟಿಸ್ಟ್ ಅದನ್ನು ಮೆಲ್ಲಗೆ ಎಳೆದು ಸಾಲಿಗೆ ತರುತ್ತಾರೆ. ಇದಕ್ಕೆ ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷ ದಾಟುತ್ತದೆ. ಹಾಗಾಗಿ ಆಪರೇಷನ್‌ಗೆ ಮೊದಲೇ ಆರ್ಥೊಡಾಂಟಿಸ್ಟ್ ಹತ್ತಿರ ಒಮ್ಮೆ ತೋರಿಸಿ. ಸರ್ಜನ್ ಮತ್ತು ಅವರು ಇಬ್ಬರೂ ಮಾತಾಡಿಕೊಂಡು ಮುಂದುವರಿಯಲಿ. ಇದನ್ನು ಮರೆತರೆ ಬಟನ್ ಅಂಟಿಸಲಿಕ್ಕೆಂದೇ ಮತ್ತೆ ವಸಡು ಬಿಡಿಸಬೇಕಾಗುತ್ತದೆ, ಮಗುವಿಗೆ ಸುಮ್ನೆ ಎರಡು ಸಲ ಕಷ್ಟ.

ಒಂದು ವೇಳೆ ಅದು ದೊಡ್ಡ ಸಿಸ್ಟ್ ಎಂದೇ ಆದರೆ ಮಕ್ಕಳಿಗೆ ಇನ್ನೂ ಹಗುರವಾದ ದಾರಿ ಇದೆ. ಚೀಲವನ್ನು ಪೂರ್ತಿ ತೆಗೆಯುವ ಬದಲು ಬಾಯಿಯ ಕಡೆಗೆ ಒಂದು ಬಾಗಿಲು ಮಾಡಿ ತೆರೆದಿಡುವುದು. ಒಳಗಿನ ಒತ್ತಡ ಇಳಿದರೆ ಸಿಸ್ಟ್‌ಗೆ ಬೆಳೆಯುವ ಶಕ್ತಿ ಹೋಗುತ್ತದೆ. ಸುತ್ತಲಿನ ಮೂಳೆ ಒಳಮುಖವಾಗಿ ತುಂಬುತ್ತಾ ಬರುತ್ತದೆ, ಹಲ್ಲೂ ಅದರ ಜೊತೆ ಇಳಿಯುತ್ತದೆ. ಕಣ್ಣಿನ ಗೂಡಿನ ಕಡೆ ಏರಿದ ಹಲ್ಲು ಹೀಗೆ ತಿಂಗಳುಗಳಲ್ಲಿ ಕೆಳಗಿಳಿಯುವುದನ್ನು ಒಂದರ ಪಕ್ಕ ಒಂದು ಎಕ್ಸ್‌ರೇ ಇಟ್ಟು ನೋಡಿದರೆ ದೇಹ ಎಷ್ಟು ತಾನೇ ಸರಿಮಾಡಿಕೊಳ್ಳುತ್ತದೆ ಅಂತ ಅನಿಸುತ್ತದೆ. ಇದರಲ್ಲಿ ಮನೆಯವರ ಪಾಲಿನ ಕೆಲಸ ಜಾಸ್ತಿ. ಆ ತೂತನ್ನು ಸಿರಿಂಜಿನಲ್ಲಿ ಉಪ್ಪುನೀರು ಹಾಕಿ ದಿನವೂ ತೊಳೆಯಬೇಕು, ತಿಂಗಳುಗಟ್ಟಲೆ. ಬಾಗಿಲು ತೆರೆಯುವ ದಿನವೇ ಚೀಲದ ಒಂದು ತುಂಡು ಲ್ಯಾಬ್‌ಗೆ ಹೋಗಬೇಕು.

ಈಗ ಲ್ಯಾಬ್ ಮಾತಿಗೆ ಬರುತ್ತೇನೆ. ಇದನ್ನು ನಿಮ್ಮ ತಮ್ಮನಿಗೂ ತಪ್ಪದೇ ಓದಿಸಿ.

ಕೆಳಗಿನ ಬುದ್ಧಿಹಲ್ಲಿನ ಸುತ್ತ ಕಪ್ಪು ನೆರಳು ಇದ್ದರೆ ಹೆಚ್ಚಿನ ಸಲ ಅದು ಸಾಧಾರಣ ಡೆಂಟಿಜೆರಸ್ ಸಿಸ್ಟ್. ಆದರೆ ಅದೇ ಜಾಗದಲ್ಲಿ, ಅದೇ ವಯಸ್ಸಿನಲ್ಲಿ, ಅದೇ ರೂಪದಲ್ಲಿ ಇನ್ನೆರಡು ಬರುತ್ತವೆ. ಒಂದು ಕೆರಟೋಸಿಸ್ಟ್. ಇದು ದವಡೆಯನ್ನು ಹೊರಗೆ ಉಬ್ಬಿಸುವುದಕ್ಕಿಂತ ಮೂಳೆಯ ಒಳಗೇ ಉದ್ದಕ್ಕೆ ಹರಿದುಕೊಂಡು ಹೋಗುತ್ತದೆ. ಹಾಗಾಗಿ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಸೂಜಿ ಹಾಕಿ ಎಳೆದರೆ ತಿಳಿನೀರಿನ ಬದಲು ಒದ್ದೆ ಸುಣ್ಣದಂಥ ದಪ್ಪ ಬಿಳಿ ವಸ್ತು ಬರುತ್ತದೆ. ಇದರ ಗೋಡೆ ತುಂಬಾ ತೆಳು, ತೆಗೆಯುವಾಗ ಹರಿಯುತ್ತದೆ. ಗೋಡೆಯಲ್ಲೇ ಮರಿ ಸಿಸ್ಟ್‌ಗಳಿರಬಹುದು. ಒಂದು ಚೂರು ಉಳಿದರೂ ಮತ್ತೆ ಬೆಳೆಯುತ್ತದೆ. ಇದು ಎಷ್ಟು ಹಠಮಾರಿ ಎಂದರೆ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇದನ್ನು ಗೆಡ್ಡೆಗಳ ಪಟ್ಟಿಗೇ ಸೇರಿಸಿತ್ತು. 2017ರಲ್ಲಿ ಮತ್ತೆ ಸಿಸ್ಟ್ ಎಂದೇ ಕರೆಯಿತು. ಹೆಸರು ಬದಲಾಯಿತು, ಸ್ವಭಾವ ಅದೇ. ಮತ್ತೆ ಬರುವುದಾದರೆ ಹೆಚ್ಚಾಗಿ ಮೊದಲ ಐದು ವರ್ಷದೊಳಗೆ, ಆದರೆ ಹತ್ತು ವರ್ಷ ಕಳೆದ ಮೇಲೆ ಬಂದದ್ದೂ ಇದೆ.

ಇನ್ನೊಂದು ಅಮೆಲೋಬ್ಲಾಸ್ಟೋಮಾ. ಎನಾಮಲ್ ಕಟ್ಟುವ ಅಂಗಾಂಶದಿಂದ ಬರುವ ಗೆಡ್ಡೆ. ಕ್ಯಾನ್ಸರ್ ಅಲ್ಲ, ಬೇರೆ ಕಡೆಗೆ ಹರಡುವುದು ಅಪರೂಪದಲ್ಲಿ ಅಪರೂಪ. ಆದರೆ ಇರುವ ಜಾಗದಲ್ಲಿ ಬಿಡದೇ ಬೆಳೆಯುತ್ತದೆ. ಎಕ್ಸ್‌ರೇಯಲ್ಲಿ ಸಾಬೂನಿನ ನೊರೆಯ ಗುಳ್ಳೆಗಳ ಹಾಗೆ ಕಂಡರೆ ಗುರುತು ಹಿಡಿಯಬಹುದು. ಚಿಕ್ಕ ವಯಸ್ಸಿನವರಲ್ಲಿ ಬರುವ ಒಂದೇ ಕೋಣೆಯ ಬಗೆಗೆ ಆ ಗುಳ್ಳೆಗಳೂ ಇರುವುದಿಲ್ಲ. ಡೆಂಟಿಜೆರಸ್ ಸಿಸ್ಟ್ ಮತ್ತು ಅದು ಹೊರನೋಟಕ್ಕೆ ಅವಳಿಗಳು.

ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಇಪ್ಪತ್ತರ ಹರೆಯದ ಹುಡುಗನೊಬ್ಬನಿಗೆ ಇಂಥದೇ ಸಿಸ್ಟ್ ತೆಗೆದೆ. ಹುಲ್ಲಿನ ಬಣ್ಣದ ನೀರು, ನುಣುಪಾದ ಚೀಲ, ಹಲ್ಲಿನ ಕುತ್ತಿಗೆಗೆ ಸರಿಯಾಗಿ ಅಂಟಿಕೊಂಡಿತ್ತು. ಡೆಂಟಿಜೆರಸ್ ಎಂದು ನೂರಕ್ಕೆ ನೂರು ನಂಬಿದ್ದೆ. ಪದ್ಧತಿಯಂತೆ ಲ್ಯಾಬ್‌ಗೆ ಕಳಿಸಿದೆ. ಗೋಡೆಯ ಒಂದು ಕಡೆ ಅಮೆಲೋಬ್ಲಾಸ್ಟೋಮಾ ಇದೆ ಎಂದು ರಿಪೋರ್ಟ್ ಬಂತು. ಅವನನ್ನು ಕರೆಸಿ ಆ ಭಾಗದ ಮೂಳೆಯನ್ನು ಇನ್ನಷ್ಟು ಶುಚಿ ಮಾಡಿದೆವು, ವರ್ಷಗಟ್ಟಲೆ ನಿಗಾ ಇಟ್ಟೆವು. ಆ ಚೀಲವನ್ನು ಅಂದು ಬಿಸಾಡಿದ್ದರೆ ಮುಂದೆ ಅವನು ದವಡೆಯ ಒಂದು ತುಂಡನ್ನೇ ಕಳೆದುಕೊಳ್ಳಬೇಕಾಗುತ್ತಿತ್ತೇನೋ. ಅವತ್ತಿನಿಂದ ಎಷ್ಟು ಚಿಕ್ಕದಾದರೂ, ಎಷ್ಟು ಖಚಿತ ಎನಿಸಿದರೂ, ತೆಗೆದ ಚೀಲ ಫಾರ್ಮಲಿನ್ ಬಾಟಲಿಗೆ ಹೋಗದೆ ನಾನು ಹೊಲಿಗೆ ಹಾಕುವುದಿಲ್ಲ.

ಮನೆತನದಲ್ಲಿ ಬರುತ್ತದಾ ಎಂಬ ಪ್ರಶ್ನೆಗೂ ಉತ್ತರ ಆ ರಿಪೋರ್ಟಿನಲ್ಲೇ ಇದೆ. ಡೆಂಟಿಜೆರಸ್ ಸಿಸ್ಟ್, ಒಂಟಿ ಓಡಾಂಟೋಮಾ ಇವು ಸಾಮಾನ್ಯವಾಗಿ ಮನೆತನದ ಕಾಯಿಲೆಗಳಲ್ಲ. ಮಾವ ಮತ್ತು ಸೊಸೆಗೆ ಬೇರೆ ಬೇರೆ ಕಡೆ ಒಂದೊಂದು ಇರುವುದು ಬಹುಮಟ್ಟಿಗೆ ಕಾಕತಾಳೀಯ. ಆದರೆ ಇಬ್ಬರದೂ ಕೆರಟೋಸಿಸ್ಟ್ ಎಂದು ಬಂದರೆ, ಇಲ್ಲವೇ ಒಬ್ಬರಿಗೇ ಹಲವು ಕಡೆ ಇದ್ದರೆ, ಗಾರ್ಲಿನ್ ಸಿಂಡ್ರೋಮ್ ಇದೆಯೇ ಅಂತ ನೋಡಬೇಕಾಗುತ್ತದೆ. ಗಾರ್ಲಿನ್ ಮತ್ತು ಗೋಲ್ಟ್ಜ್ ಎಂಬ ವೈದ್ಯರು 1960ರಲ್ಲಿ ಇದನ್ನು ವಿವರವಾಗಿ ಬರೆದರು. ಇದು ಜೀನ್‌ನಿಂದ ಬರುವಂಥದ್ದು, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಬರುವ ಸಾಧ್ಯತೆ ಅರ್ಧದಷ್ಟು. ಅಂಥವರಿಗೆ ಚಿಕ್ಕ ವಯಸ್ಸಿನಲ್ಲೇ ದವಡೆಯಲ್ಲಿ ಕೆರಟೋಸಿಸ್ಟ್‌ಗಳು, ಅಂಗೈ ಅಂಗಾಲಿನಲ್ಲಿ ಸೂಜಿಮೊನೆಯಷ್ಟು ಕುಳಿಗಳು, ಕವಲೊಡೆದ ಪಕ್ಕೆಲುಬು, ಮುಂದೆ ಚರ್ಮದ ಒಂದು ಬಗೆಯ ಕ್ಯಾನ್ಸರ್ ಕಾಣಬಹುದು. ಓಡಾಂಟೋಮಾಗಳು ಒಂದಲ್ಲ, ಹಲವು ಕಡೆ ಇದ್ದರೆ ಗಾರ್ಡ್ನರ್ ಸಿಂಡ್ರೋಮ್ ಎಂಬ ಇನ್ನೊಂದನ್ನು ನೆನೆಯುತ್ತೇವೆ, ಅದರಲ್ಲಿ ದೊಡ್ಡ ಕರುಳಿನ ಪರೀಕ್ಷೆ ಮುಖ್ಯ. ನೀವು ಬರೆದದ್ದರಲ್ಲಿ ಇವೆರಡರ ಲಕ್ಷಣ ಯಾವುದೂ ಇಲ್ಲ. ಆದರೂ ಮಗಳ ಡಾಕ್ಟರಿಗೆ ಮಾವನ ವಿಷಯ ಹೇಳಿ, ತಮ್ಮನ ಡಾಕ್ಟರಿಗೆ ಸೊಸೆಯ ವಿಷಯ ಹೇಳಿ. ಅವರಾಗಿ ಕೇಳದೇ ಇರಬಹುದು.

ತಮ್ಮ ಒಂದು ವರ್ಷ ಹಾಗೇ ಬಿಟ್ಟದ್ದು ನನಗೆ ಸರಿ ಕಾಣುತ್ತಿಲ್ಲ. ತೊಂದರೆ ಕೊಡದ, ಸುತ್ತ ಯಾವ ರೋಗವೂ ಇಲ್ಲದ ಬುದ್ಧಿಹಲ್ಲನ್ನು ಮುಂಜಾಗ್ರತೆಗೆಂದು ಕೀಳುವುದು ಬೇಡ ಎಂದು ಬ್ರಿಟನ್ನಿನಲ್ಲಿ ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ (NICE) ಸಂಸ್ಥೆ 2000ದಲ್ಲೇ ಹೇಳಿದೆ. ನಾನೂ ಅಂಥ ಹಲ್ಲುಗಳನ್ನು ಬಿಟ್ಟು ನೋಡುತ್ತೇನೆ. ಸಿಸ್ಟ್ ಶುರುವಾದ ಹಲ್ಲು ಆ ಸಾಲಿಗೆ ಸೇರುವುದಿಲ್ಲ. ಅದು ತಾನಾಗಿ ಕಡಿಮೆಯಾಗುವುದಿಲ್ಲ. ದಿನ ಹೋದಷ್ಟೂ ಮೂಳೆ ಹೋಗುತ್ತದೆ. ಮೂಳೆ ತೀರಾ ತೆಳ್ಳಗಾದರೆ ಸಣ್ಣ ಪೆಟ್ಟಿಗೇ ದವಡೆ ಮುರಿಯಬಹುದು. ಅಪರೂಪಕ್ಕೆ, ಹಳೆಯ ಸಿಸ್ಟ್ ಗೋಡೆಯಲ್ಲಿ ಕ್ಯಾನ್ಸರ್ ಹುಟ್ಟಿದ ಉದಾಹರಣೆಗಳೂ ಇವೆ.

ಅವನು ಮೊದಲು ಸಿಬಿಸಿಟಿ ಮಾಡಿಸಲಿ. ಅದು ದವಡೆಯನ್ನು ಮೂರು ಕಡೆಯಿಂದ ತೋರಿಸುವ ಸ್ಕ್ಯಾನ್. ಕೆಳದವಡೆಯೊಳಗೆ ಒಂದು ನರ ಓಡುತ್ತದೆ, ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವುದು ಅದೇ. ಸಿಸ್ಟ್ ಅದನ್ನು ಎತ್ತ ತಳ್ಳಿದೆ ಅಂತ ಮೊದಲೇ ಗೊತ್ತಾದರೆ ಸರ್ಜನ್‌ಗೆ ಅದನ್ನು ಕಾಪಾಡುವುದು ಸುಲಭ. ಆಪರೇಷನ್ ಆದ ಮೇಲೆ ತುಟಿ ಕೆಲವು ವಾರ ಜೋಮು ಹಿಡಿದ ಹಾಗಿರಬಹುದು, ಹೆಚ್ಚಿನವರಿಗೆ ಮೆಲ್ಲಗೆ ಸರಿಹೋಗುತ್ತದೆ, ಕೆಲವರಿಗೆ ಸ್ವಲ್ಪ ಉಳಿಯಲೂಬಹುದು. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಲಿ. ಆದರೆ ಯಾವ ಆಪರೇಷನ್ನೂ ಆಗದೆ, ಕೀವೂ ಇಲ್ಲದೆ, ಈಗಲೇ ತುಟಿ ಜೋಮು ಹಿಡಿದಿದ್ದರೆ ಅದು ಬೇರೆ ವಿಷಯ. ಒಂದು ದಿನವೂ ತಡ ಮಾಡದೆ ತೋರಿಸಬೇಕು. ನೆರಳಿನ ಅಂಚು ಹರಿದ ಬಟ್ಟೆಯ ಹಾಗೆ ಚೆಲ್ಲಾಪಿಲ್ಲಿ ಇದ್ದರೂ, ಹುಳುಕಿಲ್ಲದ ಗಟ್ಟಿ ಹಲ್ಲುಗಳು ಇದ್ದಕ್ಕಿದ್ದಂತೆ ಅಲ್ಲಾಡತೊಡಗಿದರೂ ಹಾಗೆಯೇ.

ಅವನ ಸಿಸ್ಟ್ ತುಂಬಾ ದೊಡ್ಡದಿದ್ದರೆ ಸರ್ಜನ್ ಮೊದಲು ಸಣ್ಣ ತುಂಡು ತೆಗೆದು ಪರೀಕ್ಷೆಗೆ ಕಳಿಸಿ, ರಿಪೋರ್ಟ್ ನೋಡಿ ದಾರಿ ಆರಿಸುತ್ತಾರೆ. ಎರಡು ಸಲ ಯಾಕೆ ಅಂತ ಬೇಸರ ಮಾಡಿಕೊಳ್ಳುವುದು ಬೇಡ. ಅವನ ವಯಸ್ಸಿಗೆ ಬುದ್ಧಿಹಲ್ಲನ್ನು ಉಳಿಸುವ ಅಗತ್ಯ ಇಲ್ಲ, ಅದನ್ನು ಸಿಸ್ಟ್ ಜೊತೆಗೇ ತೆಗೆಯುತ್ತಾರೆ. ಒಳಗಾದ ಟೊಳ್ಳು ಹಾಗೇ ಉಳಿಯುವುದಿಲ್ಲ. ಮೊದಲು ರಕ್ತ ಹೆಪ್ಪುಗಟ್ಟಿ, ಆಮೇಲೆ ಅದರಲ್ಲೇ ಮೂಳೆ ತುಂಬುತ್ತದೆ. ಆರು ತಿಂಗಳಿಂದ ಒಂದು ವರ್ಷ ಬೇಕು, ದೊಡ್ಡದಾದರೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಗಟ್ಟಿ ಪದಾರ್ಥ ಕಡಿಯುವುದು, ದವಡೆಗೆ ಪೆಟ್ಟು ಬೀಳುವ ಆಟ ಬೇಡ.

ನಿಮಗೆ ಚಿಕ್ಕ ಮಕ್ಕಳು ಇನ್ನೂ ಇದ್ದರೆ ಒಂದು ಮಾತು. ಒಂಬತ್ತು ಹತ್ತು ವರ್ಷಕ್ಕೆ ಮೇಲಿನ ಹಾಲು ಕೋರೆಹಲ್ಲಿನ ಮೇಲ್ಗಡೆ, ತುಟಿಯ ಒಳಗಿನ ವಸಡಿನಲ್ಲಿ ಬೆರಳಾಡಿಸಿದರೆ ಎರಡೂ ಕಡೆ ಒಂದು ಉಬ್ಬು ಸಿಗಬೇಕು. ಅದು ಇಳಿದು ಬರುತ್ತಿರುವ ಖಾಯಂ ಕೋರೆಹಲ್ಲು. ಒಂದು ಕಡೆ ಸಿಕ್ಕಿ ಇನ್ನೊಂದು ಕಡೆ ಸಿಗದಿದ್ದರೆ ಆಗಲೇ ತೋರಿಸಿ. ಒಂದು ಬದಿಯ ಹಲ್ಲು ಬಂದು ಆರು ತಿಂಗಳಾದರೂ ಅದರ ಜೋಡಿ ಬರದಿದ್ದರೂ ಹಾಗೇ. ಅದೇ ರೀತಿ, ಹಲ್ಲು ಬರುವ ಜಾಗದಲ್ಲಿ ವಸಡು ನೀಲಿಯಾಗಿ ಗುಳ್ಳೆ ಎದ್ದರೆ ಗಾಬರಿ ಬೇಡ. ಹೊರಗೆ ಬರುತ್ತಿರುವ ಹಲ್ಲಿನ ಚೀಲದಲ್ಲಿ ನೀರು ತುಂಬಿದ್ದು ಅದು, ಹಲ್ಲು ಬಂದಾಗ ತಾನೇ ಒಡೆದುಹೋಗುತ್ತದೆ.

ಮಗಳ ಆಪರೇಷನ್ ನಾಳೆಯೇ ಆಗಬೇಕು ಎಂಬಷ್ಟು ತುರ್ತೇನೂ ಇಲ್ಲ. ಪರೀಕ್ಷೆ ಮುಗಿಸಿಕೊಂಡು ಶಾಲೆಯ ರಜೆಗೆ ಇಟ್ಟುಕೊಳ್ಳಬಹುದು, ಕೆಲವು ವಾರ ಕಾದರೆ ನಷ್ಟವಿಲ್ಲ. ವರ್ಷ ಕಾಯಬೇಡಿ. ಬೇರು ಬೆಳೆಯುತ್ತಿರುವ ಈ ಹೊತ್ತು ಅವಳ ಕೋರೆಹಲ್ಲಿಗೆ ಬಹಳ ಬೆಲೆಯುಳ್ಳದ್ದು. ಅವಳಿಗೂ ವಿಷಯ ಹೇಳಿ. ಹದಿಮೂರರ ಮಗುವಿಗೆ ಮುಚ್ಚಿಟ್ಟರೆ ತಾನೇ ಏನೇನೋ ಕಲ್ಪಿಸಿಕೊಂಡು ಹೆದರುತ್ತದೆ. ಹಲ್ಲಿಗೆ ದಾರಿ ಬಿಡಿಸುತ್ತಿದ್ದೇವೆ ಎಂದರೆ ಸಾಕು, ಅದು ನಿಜವೂ ಹೌದು.

ಈಗ ತೆಗೆಸಿದ ಎಕ್ಸ್‌ರೇಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ತಮ್ಮನ ಹೋದ ವರ್ಷದ್ದನ್ನೂ ಹುಡುಕಿಸಿ. ಅವನು ಹೊಸದಾಗಿ ತೆಗೆಸಿದ್ದರ ಪಕ್ಕ ಹಳೆಯದನ್ನು ಇಟ್ಟು ನೋಡಿದರೆ ಒಂದು ವರ್ಷದಲ್ಲಿ ಎಷ್ಟು ಬೆಳೆದಿದೆ ಅಂತ ಸರ್ಜನ್‌ಗೆ ತಕ್ಷಣ ಗೊತ್ತಾಗುತ್ತದೆ. ಇಬ್ಬರ ಲ್ಯಾಬ್ ರಿಪೋರ್ಟ್ ಬಂದ ಮೇಲೆ ಅದರಲ್ಲಿರುವ ಹೆಸರನ್ನು ಹಾಗೇ ಬರೆದು ಕಳಿಸಿ. ಮುಂದೆ ಎಷ್ಟು ದಿನಕ್ಕೊಮ್ಮೆ ತೋರಿಸಬೇಕು, ಎಷ್ಟು ವರ್ಷ ತೋರಿಸಬೇಕು ಎಂಬುದನ್ನು ಆ ಹೆಸರು ನೋಡಿ ಹೇಳುತ್ತೇನೆ.